ಈಡಿತ್ ಬಾಯಿಂದಲೇ ಬರಬೇಕಿದ್ದ ಮಾತು

ಹಲಗೆ ಒದ್ದೆಯಾಗಿದ್ದರೆ ಸೀಮೆಸುಣ್ಣ ಹಿಡಿಯುವುದಿಲ್ಲ. ಈಡಿತ್ ಕ್ಯಾಪಲ್‌ಮನ್ ಏಪ್ರನ್ನಿನ ಅಂಚಿನಿಂದ ಅದನ್ನು ಎರಡು ಸಲ ಒರೆಸಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ರೇಡಿಯೋದಲ್ಲಿ ಕೇಳಿಸಿಕೊಂಡದ್ದನ್ನು ದುಂಡಗೆ ಬರೆದಳು. ಆಗ್ನೇಯದ ಗಾಳಿ, ಬಲ ಐದರಿಂದ ಏಳು. ಬಹುಶಃ ಬಿರುಗಾಳಿ, ಲೇಟರ್. ಅವಳ ಹಿಂದೆ ದೋಣಿಗಳನ್ನು ಮರಳಿನ ಮೇಲೆ ನೀರಿನ ಕಡೆಗೆ ತಳ್ಳುತ್ತಿದ್ದರು. ಇನ್ನೂ ಬೆಳಕು ಹರಿದಿರಲಿಲ್ಲ.

"ಲೇಟರ್ ಅಂದ್ರೆ ಎಷ್ಟು ಹೊತ್ತಿಗೆ ಮಾರಾಯ್ತಿ?" ಲೆನ್ ಕೂಗಿದ. ಅವಳ ಗಂಡ ವಿಲ್ಫ್‌ನ ಜೊತೆ ಒಂದೇ ದೋಣಿಯಲ್ಲಿ ಹೋಗುವವನು.

"ರಾತ್ರಿ ಊಟದ ಹೊತ್ತಿಗೆ. ಅದಕ್ಕೆ ಮುಂಚೆ ಇಲ್ಲ."

"ರೇಡಿಯೋದವರು ಲೇಟರ್ ಅಂದ್ರೆ ರಾತ್ರಿ ಊಟ. ನಾನು ಲೇಟರ್ ಬರ್ತೀನಿ ಅಂದ್ರೆ ಪಬ್ ಬಾಗಿಲು ಹಾಕೋ ಹೊತ್ತು," ಎಂದ ವಿಲ್ಫ್. "ಇವಳಿಗೆ ಎರಡೂ ಗೊತ್ತು."

ಈಡಿತ್ ತಿರುಗಿ ನೋಡಲಿಲ್ಲ, ಹೋಗಿ ಬಾ ಅನ್ನಲೂ ಇಲ್ಲ. ಸ್ಕಾರ್‌ವಿಕ್‌ನಲ್ಲಿ ಕಡಲಿಗೆ ಹೋಗುವವನಿಗೆ ಯಾರೂ ಹಾಗೆ ಹೇಳುವುದಿಲ್ಲ.

ಆ ಹಲಗೆಯ ಕೆಲಸ ಅವಳಿಗೆ ಬಂದದ್ದು ಅಕ್ಷರದ ದೆಸೆಯಿಂದ. ಅವಳ ಅಪ್ಪ ಒಳನಾಡಿನಲ್ಲಿ ರೈಲ್ವೆ ಸಿಗ್ನಲ್ ನೋಡುತ್ತಿದ್ದವನು. ಹೊತ್ತು ಮೀರಿದ ರೈಲುಗಳ ಹೆಸರನ್ನು ಅವನು ಇಂಥದೇ ಹಲಗೆಯ ಮೇಲೆ ಬರೆಯುವುದನ್ನು ನೋಡುತ್ತ ಬೆಳೆದ ಹುಡುಗಿ ಅವಳು. ಆ ಹಲಗೆಯಲ್ಲಿ ತಡಕ್ಕೆ ನಿಮಿಷದ ಲೆಕ್ಕ ಇರುತ್ತಿತ್ತು. ಹವಾಮಾನದವರ ಮಾತುಗಳೂ ಅವಳಿಗೆ ಅದಕ್ಕೇ ಹಿಡಿಸಿದವು. ಇಮಿನೆಂಟ್ ಅಂದರೆ ವರದಿ ಹೊರಟ ಆರು ಗಂಟೆಯೊಳಗೆ, ಸೂನ್ ಅಂದರೆ ಅದರಿಂದ ಹನ್ನೆರಡರವರೆಗೆ, ಲೇಟರ್ ಅಂದರೆ ಅದರಾಚೆಗೆ. ಅಂಗಡಿಯಲ್ಲಿ, ಬೀದಿಯಲ್ಲಿ ಜನ ಈ ಮಾತುಗಳನ್ನು ಹೇಗೆ ಬೇಕೋ ಹಾಗೆ ಆಡುತ್ತಾರೆ. ಕಡಲಿನವರಿಗೆ ಆಡುವಾಗ ಅವಕ್ಕೆ ಗಡಿಯಾರ ಕಟ್ಟಿರುತ್ತದೆ.

ಊರಿನ ಮಾತುಗಳಿಗೆ ಗಡಿಯಾರ ಇಲ್ಲ ಎಂದು ಅವಳು ಕಲಿತದ್ದು ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ. ಅಂಗಡಿಯಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬಳು ಉಪ್ಪು ತೂಗಿಸಿಕೊಳ್ಳುತ್ತ ನಿಂತಿದ್ದಳು. ಅವಳ ಗಂಡನ ದೋಣಿ ಒಂದು ಬಿಟ್ಟು ಉಳಿದೆಲ್ಲ ಬಂದಿದ್ದವು. ಈಡಿತ್ ಮರುಕದಿಂದಲೇ ಕೇಳಿದಳು: "ನಿಮ್ಮ ದೋಣಿ ಓವರ್‌ಡ್ಯೂ ಅಂತಲ್ಲ?"

ಅಂಗಡಿ ಗಪ್‌ಚಿಪ್ ಆಯಿತು. ಅತ್ತೆ ಹ್ಯಾನಾ ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

"ಏನೇ, ಅವಳ ಗಂಡನ್ನ ಕೊಲ್ಲಕ್ಕೆ ಬಂದಿದೀಯಾ?"

"ನಾನೇನಂದೆ? ಲೇಟಾಗಿದೆ ಅನ್ನೋದನ್ನೇ ಅಂದೆ."

"ಲೇಟ್ ಅಂದಿದ್ರೆ ಯಾರು ಬೇಡ ಅಂತಿದ್ರು? ನಿಮ್ಮಪ್ಪನ ರೈಲಲ್ಲ ಇದು. ಲೇಟ್ ಅಂದ್ರೆ ಲೇಟ್. ಆ ಇನ್ನೊಂದು ಮಾತು ಅವಳು ಹೇಳ್ಬೇಕು. ಅವಳು ಹೇಳೋ ತನಕ ಇಡೀ ಊರು ಬಾಯಿ ಮುಚ್ಕೊಂಡಿರ್ಬೇಕು."

ಎರಡೂ ತಡದ ಮಾತುಗಳೇ. ಆದರೆ ಲೇಟ್ ಆಗುವುದು ದೋಣಿ, ಓವರ್‌ಡ್ಯೂ ಮಾಡುವುದು ಮನುಷ್ಯರು. ಒಬ್ಬರು ಬಾಯಿಬಿಟ್ಟು ಆ ಮಾತು ಹೇಳಿದ ಮೇಲೆ ಕಡಲ ಕಾವಲಿನವರು ಹೊತ್ತು ಬರೆದುಕೊಳ್ಳುತ್ತಾರೆ, ಕರೆಯ ಬಾಣಬಿರುಸು ಸಿಡಿದು ಹಾರುತ್ತದೆ, ಕಡಲಲ್ಲಿ ಸಿಕ್ಕಿಕೊಂಡವರನ್ನು ತರುವ ಲೈಫ್‌ಬೋಟಿನ ಗಂಡಸರು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡುತ್ತಾರೆ. ಅದರ ಮುಂದಿನ ಮಾತು ಮಿಸ್ಸಿಂಗ್. ಅದನ್ನು ಹುಡುಕಿ ಬಂದವರು ಹೇಳುತ್ತಾರೆ. ಅದಕ್ಕೂ ಮುಂದಿನದು ಲಾಸ್ಟ್. ಅದನ್ನು ಪಾದ್ರಿ ಹೇಳುತ್ತಾನೆ, ಆಮೇಲೆ ಚಾಪೆಲ್ಲಿನ ಗೋಡೆಯ ಮೇಲೆ ಹೆಸರು ಕೆತ್ತುತ್ತಾರೆ. ನಾಲ್ಕರಲ್ಲಿ ಮನೆಯ ಹೆಂಗಸಿನ ಪಾಲಿಗೆ ಬರುವುದು ಎರಡನೆಯದೊಂದೇ. ಯಾವಾಗ ಹೇಳಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ.

ಈಡಿತ್ ಅದನ್ನು ಒಂದು ಸಲ ಹೇಳಿದ್ದಳು, ಎರಡು ವರ್ಷದ ಹಿಂದೆ. ಮಂಜು ಬಿದ್ದಿತ್ತು. ಕತ್ತಲಾಗುವ ಮೊದಲೇ ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ. ಲೈಫ್‌ಬೋಟ್ ಹೋಯಿತು. ವಿಲ್ಫ್ ಪಕ್ಕದ ಕೊಲ್ಲಿಯ ಮರೆಯಲ್ಲಿ ಲಂಗರು ಹಾಕಿ, ಚಹಾ ಕಾಸಿಕೊಂಡು, ನೀರೇರುವುದನ್ನು ಕಾಯುತ್ತ ಕೂತಿದ್ದ. ಆಮೇಲೆ ಒಂದು ವರ್ಷ ಅವನು ಪಬ್ಬಿನೊಳಗೆ ಕಾಲಿಟ್ಟರೆ ಸಾಕು, "ಹೊತ್ತಾಯ್ತು ಕಣೋ, ಅಮ್ಮ ಕರೀತಿದಾಳೆ, ಮನೆಗೆ ಹೋಗು" ಎನ್ನುತ್ತಿದ್ದರು. ಅದನ್ನಾದರೂ ನುಂಗಬಹುದಿತ್ತು. ಆ ದಿನ ಲೈಫ್‌ಬೋಟನ್ನು ವಾಪಸ್ ದಡಕ್ಕೆ ಎಳೆಯುವಾಗ ಅದರ ಚುಕ್ಕಾಣಿ ಹಿಡಿಯುವ ರೆಗ್ ಜೆಂಕಿನ್‌ಸನ್‌ನ ಎಡಗೈ ಹಗ್ಗಕ್ಕೆ ಸಿಕ್ಕಿ ಎರಡು ಬೆರಳು ಹೋದವು. ರೆಗ್ ಅವಳ ಪಕ್ಕದ ಮನೆಯವನು. ಆ ವಿಷಯ ಅವನು ಎಂದೂ ಎತ್ತಲಿಲ್ಲ. ಅವನು ಬೇಲಿಯಾಚೆ ನಿಂತು ಗುಲಾಬಿ ಕತ್ತರಿಸುವಾಗ ಈಡಿತ್ ಒಳಗೆ ಹೋಗಿಬಿಡುತ್ತಿದ್ದಳು.

ಇದಾದ ಮೇಲೆ ವಿಲ್ಫ್ ಒಂದೇ ಮಾತು ಹೇಳಿದ್ದ. "ಇನ್ಮೇಲೆ ಅವಸರ ಮಾಡ್ಬೇಡ, ಈಡಿ."

ಬೆಳಗ್ಗೆ ಹಲಗೆಯ ಮೇಲೆ ಲೇಟರ್ ಎಂದು ಬರೆದ ಆ ನವೆಂಬರ್ ದಿನ, ಮಧ್ಯಾಹ್ನದ ವರದಿ ಬಂದಾಗ ಅವಳು ಷೆಡ್ಡಿನಲ್ಲಿ ಕೂತು ಕಪ್ಪೆಚಿಪ್ಪು ಬಿಡಿಸಿ ಮರುದಿನದ ಗಾಳಗಳಿಗೆ ಸಿಕ್ಕಿಸುತ್ತಿದ್ದಳು. ಲೇಟರ್ ಹೋಗಿ ಇಮಿನೆಂಟ್ ಆಗಿತ್ತು. ಆಗ್ನೇಯದ ಗಾಳಿಗೆ ನಮ್ಮ ಕೊಲ್ಲಿಯ ಬಾಯಿ ಸೀದಾ ತೆರೆದುಕೊಂಡಿದೆ. ಅವಳು ಕೈ ಒರೆಸಿಕೊಂಡು ಕೆಳಗೆ ಹೋಗಿ ಬೆಳಗಿನ ಅಕ್ಷರ ಅಳಿಸಿ ಹೊಸದು ಬರೆದಳು. ಬರೆದದ್ದನ್ನು ಓದಬೇಕಾದವರೆಲ್ಲ ಕಡಲಿನಲ್ಲಿದ್ದರು.

ದೋಣಿಗಳು ಒಂದೊಂದಾಗಿ ಬಂದವು. ಕೊನೆಗೆ ಬಂದ ನಾರ್ಮನ್ ಮೊಣಕಾಲುದ್ದ ನೀರಿನಲ್ಲಿ ನಿಂತೇ ಹೇಳಿದ: "ವಿಲ್ಫ್ ದಕ್ಷಿಣದ ದಿಬ್ಬದ ಹತ್ರ ಇದ್ದ, ಕೊನೇ ಗಾಳದ ಹಗ್ಗ ಎಳೀತಿದ್ದ. ಕೈ ಬೀಸಿದ."

"ಎಷ್ಟೊತ್ತಿಗೆ?"

"ಮಧ್ಯಾಹ್ನದ ಬ್ರೆಡ್ ತಿಂದ ಮೇಲೆ. ಬಂದ್ಬಿಡ್ತಾನೆ ಬಿಡು. ಮೀನು ಸಿಕ್ಕಿರ್ಬೇಕು ಮುದುಕನಿಗೆ, ಬಿಟ್ಟು ಬರಕ್ಕೆ ಮನಸ್ಸಿಲ್ಲ."

"ಲೇಟಾಗಿದಾನೆ ಅಷ್ಟೆ," ಎಂದಳು ಈಡಿತ್.

"ಲೇಟಾಗಿದಾನೆ," ಎಂದ ನಾರ್ಮನ್. ಅವಳ ಕಣ್ಣು ತಪ್ಪಿಸಿ ದೋಣಿಯ ಹಗ್ಗ ಹಿಡಿದ.

ನಾಲ್ಕಕ್ಕೆಲ್ಲ ಕತ್ತಲು. ಅಡುಗೆಮನೆಯ ರೇಡಿಯೋದ ಮುಳ್ಳನ್ನು ಅವಳು ದೋಣಿಗಳ ಮಾತು ಕೇಳಿಸುವ ಕಡೆಗೆ ತಿರುಗಿಸಿದಳು. ಈ ಬೀದಿಯ ಹೆಂಗಸರೆಲ್ಲ ಹಾಗೆ ಕೇಳುತ್ತ ಕೂರುವವರೇ. ಕೇಳಬಹುದು, ತಿರುಗಿ ಮಾತಾಡಲು ಬರುವುದಿಲ್ಲ. ದೂರದ ಟ್ರಾಲರುಗಳವರು ಗಾಳಿಯನ್ನು ಬೈಯುತ್ತಿದ್ದರು. ವಿಲ್ಫ್‌ನ ದನಿ ಇರಲಿಲ್ಲ.

ಮಗ ಕಾಲಿನ್ ಕೆಲಸದಿಂದ ಬಂದ. ಊರಲ್ಲಿ ನಲ್ಲಿ, ಪೈಪು ಕೂರಿಸುವವನು, ಇಪ್ಪತ್ತಮೂರು ವಯಸ್ಸು, ಲೈಫ್‌ಬೋಟಿನ ತಂಡದಲ್ಲಿದ್ದ. ಬಾಗಿಲ ಬಳಿ ಅಪ್ಪನ ಬೂಟು ಇದೆಯೇ ಎಂದು ನೋಡಿದ. ತನ್ನ ಬೂಟು ಬಿಚ್ಚದೆ ಬಂದು ಮೇಜಿನ ಮುಂದೆ ಕೂತ.

"ಬೂಟು ಬಿಚ್ಚೋ. ನೆಲ ಒರೆಸಿದೀನಿ."

"ಇರಲಿ ಬಿಡಮ್ಮ."

ಅವಳು ಆಲೂಗಡ್ಡೆ, ಹುರಿದ ಮೀನು ಬಡಿಸಿದಳು. ಅವನು ತಿನ್ನಲಿಲ್ಲ. ಕಿಟಕಿಯ ಗಾಜು ಚೌಕಟ್ಟಿನಲ್ಲಿ ಅದುರುತ್ತಿತ್ತು.

"ನೀನೇನಂತೀಯ?" ಎಂದು ಕೇಳಿದಳು.

"ನಾನೇನೂ ಅನ್ನಲ್ಲ. ನಾನಂದ್ರೆ ನಾಳೆ ಅಪ್ಪ ನನ್ನನ್ನ ಹುರಿದು ತಿಂತಾನೆ. ನೀನು ಅನ್ನು, ಹೋಗ್ತೀನಿ."

ತೊಡಕು ಇದ್ದದ್ದು ಅಲ್ಲೇ. ಆ ಮಾತು ಹೇಳಿದರೆ ಈ ಬೂಟು ಎದ್ದು ಹೊರಗೆ ಹೋಗುತ್ತದೆ. ಇಬ್ಬರು ಕಡಲಿನಲ್ಲಿದ್ದಾರೆ, ಅವರ ಹಿಂದೆ ಏಳು ಜನ, ಅದರಲ್ಲಿ ಒಬ್ಬ ಇವನು. ಹೇಳದಿದ್ದರೆ? ವಿಲ್ಫ್ ಎಲ್ಲೋ ಮರೆಯಲ್ಲಿ ಕೂತು ಚಹಾ ಕುಡಿಯುತ್ತಿರಬಹುದು. ಆದರೆ ಆಗ್ನೇಯದ ಗಾಳಿಗೆ ದಕ್ಷಿಣದಲ್ಲಿ ಎಲ್ಲಿದೆ ಮರೆ? ಆ ಕಡೆ ಇರುವುದು ಬಂಡೆಸಾಲು. ಅದು ಅವನಿಗೂ ಗೊತ್ತು. ಹಾಗಾದರೆ ಉತ್ತರಕ್ಕೆ ಓಡಿರಬಹುದು, ದೊಡ್ಡ ಬಂದರಿಗೆ. ಓಡಿದ್ದರೆ ಫೋನ್ ಮಾಡುತ್ತಿದ್ದ. ಇನ್ನೂ ಮುಟ್ಟಿಲ್ಲದಿರಬಹುದು. ಒಂದೊಂದು ಯೋಚನೆಗೂ ಒಂದೊಂದು ಉತ್ತರ ಇತ್ತು, ಯಾವುದೂ ನಿಲ್ಲಲಿಲ್ಲ.

ಫೋನ್ ಹೊಡೆದುಕೊಂಡಿತು. ಕಾಲಿನ್ ಅರ್ಧ ಎದ್ದ. ಗುಡ್ಡದ ಮೇಲಿನ ಕಡಲ ಕಾವಲುಮನೆಯಿಂದ ಟ್ರೆವರ್.

"ಎಲ್ಲ ಸರಿಯಾ, ಈಡಿತ್?"

"ಸರಿ, ಟ್ರೆವರ್."

"ಗಾಳಿ ಜೋರಾಗ್ತಿದೆ ಇಲ್ಲಿ. ಸುಮ್ನೆ ಮಾಡ್ದೆ. ಉತ್ತರದ ಬಂದರಿನವರನ್ನ ಕೇಳ್ದೆ, ಹಾಗೇ ಮಾತಿಗೆ. ನಮ್ಮ ಕಡೆಯವು ಯಾವೂ ಅಲ್ಲಿಗೆ ಹೋಗಿಲ್ವಂತೆ."

"ಹೌದಾ."

"ಹೌದು." ಅವನ ಉಸಿರು ಕೇಳಿಸುತ್ತಿತ್ತು. "ನಾನಿಲ್ಲೇ ಇರ್ತೀನಿ, ಫೋನ್ ಪಕ್ಕದಲ್ಲೇ."

ಕಾನೂನಿನ ಪ್ರಕಾರ ಟ್ರೆವರ್ ತಾನೇ ಆ ಮಾತು ಹಾಕಿ ಬರೆದುಕೊಳ್ಳಬಹುದು. ಹೊರಗಿನ ದೋಣಿಯಾಗಿದ್ದರೆ ಯಾವಾಗಲೋ ಬರೆದುಕೊಂಡಿರುತ್ತಿದ್ದ. ಸ್ಕಾರ್‌ವಿಕ್‌ನ ದೋಣಿಗೆ ಮನೆಯವರ ಬಾಯಿಂದ ಬರಬೇಕು, ಅವನಪ್ಪನ ಕಾಲದಿಂದಲೂ ಹಾಗೇ ನಡೆದು ಬಂದಿದೆ. ಅವಳು ಫೋನ್ ಇಟ್ಟು ಅದರ ಮೇಲೆ ಕೈ ಊರಿಕೊಂಡು ನಿಂತಳು. ಮೂವತ್ತು ವರ್ಷ ಇಲ್ಲಿದ್ದರೂ ಅವಳನ್ನು ಊರಿನವರು ಇಂದಿಗೂ ರೈಲಿನವನ ಮಗಳು ಎನ್ನುತ್ತಾರೆ. ಇಲ್ಲೇ ಹುಟ್ಟಿದವಳಾಗಿದ್ದರೆ ಯಾವ ಗಳಿಗೆಗೆ ಲೇಟ್ ಮುಗಿಯುತ್ತದೆ ಎಂದು ಒಳಮನಸ್ಸೇ ಹೇಳುತ್ತಿತ್ತೇನೋ ಎಂದು ಅವಳಿಗೆ ಅನ್ನಿಸಿತು. ಅವಳ ಒಳಮನಸ್ಸು ಮಧ್ಯಾಹ್ನದಿಂದಲೇ ಹೇಳುತ್ತಿತ್ತು. ಎರಡು ವರ್ಷದ ಹಿಂದೆಯೂ ಹೀಗೇ ಹೇಳಿತ್ತು.

ಹಿಂಬಾಗಿಲು ತೆರೆದುಕೊಂಡು ಮೇಬಲ್ ಬಂದಳು, ರೆಗ್‌ನ ಹೆಂಡತಿ. ಕೈಯಲ್ಲಿ ಖಾಲಿ ಬಟ್ಟಲು.

"ಸಕ್ಕರೆ ಇದೆಯೇನೇ? ನಮ್ಮಲ್ಲಿ ಮುಗಿದುಹೋಯ್ತು."

ನಿನ್ನೆಯಷ್ಟೇ ಇಬ್ಬರೂ ಒಟ್ಟಿಗೆ ಸಕ್ಕರೆ ತಂದಿದ್ದರು. ಈಡಿತ್ ಬಟ್ಟಲು ತುಂಬಿಸಿಕೊಟ್ಟಳು. ಮೇಬಲ್ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ತನ್ನ ತಂಗಿಯ ಹೊಸ ಪರದೆಯ ಬಣ್ಣ ಹೇಳಿದಳು. ಆ ಬಣ್ಣಕ್ಕೆ ಸೋಫಾ ಹೊಂದುವುದಿಲ್ಲ ಎಂದಳು. ಕಾಲಿನ್‌ನ ತಟ್ಟೆ ನೋಡಿ, "ಇವನೂ ತಿನ್ನಲಿಲ್ವಾ?" ಎಂದಳು.

"ಇವನೂ ಅಂದ್ರೆ? ಇನ್ಯಾರು ತಿನ್ನಲಿಲ್ಲ?"

"ನಮ್ಮನೇದು. ಆಗಿನಿಂದ ಟಿವಿ ಮುಂದೆ ಕೂತಿದೆ. ಟಿವಿ ಹಾಕಿಲ್ಲ. ಬೂಟು ಹಾಕ್ಕೊಂಡಿದೆ. ಕಾಲು ಎತ್ತೋ ಕಸ ಗುಡಿಸ್ತೀನಿ ಅಂದ್ರೆ ಕಿವಿ ಕೇಳಿಸಲ್ಲ."

ಕಾಲಿನ್ ನಗಲು ನೋಡಿದ, ಆಗಲಿಲ್ಲ. ಈಡಿತ್ ಸ್ಟೋವಿನ ಕಡೆ ತಿರುಗಿ ನಿಂತುಕೊಂಡಳು.

"ಅವನ ಕೈ..." ಎಂದಳು. "ಹೋದ್ಸಲ ನಾನು ಸುಮ್ನೆ ಇದ್ದಿದ್ರೆ ಅವನ ಕೈ ನೆಟ್ಟಗಿರ್ತಿತ್ತು, ಮೇಬಲ್."

ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಆ ವಿಷಯ ಬಂದದ್ದು ಅದೇ ಮೊದಲು. ಮೇಬಲ್ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ಏನು ಮಾಡ್ತಿದ್ದ ಆ ಬೆರಳಲ್ಲಿ? ಪಿಯಾನೋ ಬಾರಿಸ್ತಿದ್ನಾ? ಮೂಗಲ್ಲಿ ಹಾಕ್ಕೊಳ್ಳೋದು ಕಮ್ಮಿ ಆಗಿದೆ, ಅಷ್ಟೆ." ಆಮೇಲೆ ದನಿ ಇಳಿಸಿ, "ಅವನಾಗಿ ಹೋಗಕ್ಕಾಗಲ್ಲ ಕಣೇ. ನಾನು ಹೇಳಂಗಿಲ್ಲ. ನಂಗೆ ಇನ್ನೇನೂ ಹೇಳಕ್ಕೆ ಬರಲ್ಲ. ಪರದೆ ವಿಷ್ಯನೂ ಮುಗೀತು."

ಈಡಿತ್ ಫೋನ್ ಎತ್ತಿದಳು. ಮೊದಲನೇ ರಿಂಗಿಗೇ ಟ್ರೆವರ್ ಸಿಕ್ಕಿದ.

"ಟ್ರೆವರ್, ವಿಲ್ಫ್ ಬಂದಿಲ್ಲ."

"ಸರಿ ಈಡಿತ್. ನಾನು ಬರ್ಕೋಬೇಕು. ಏನಂತ ಬರ್ಕೊಳ್ಲಿ? ಲೇಟ್ ಅಂತಲಾ?"

ಅವಳು ಕಾಲಿನ್ ಕಡೆ ನೋಡಲಿಲ್ಲ.

"ಓವರ್‌ಡ್ಯೂ," ಎಂದಳು.

ಕುರ್ಚಿ ಸರಿದ ಸದ್ದಾಯಿತು. ಅವಳು ಫೋನ್ ಇಟ್ಟು ತಿರುಗುವಷ್ಟರಲ್ಲಿ ಕಾಲಿನ್ ಇರಲಿಲ್ಲ. ಪಕ್ಕದ ಮನೆಯ ಮುಂಬಾಗಿಲು ಗೋಡೆಗೆ ಬಡಿಯಿತು. ಬಾಣಗಳು ಹಾರುವ ಮೊದಲೇ ರೆಗ್ ಬೀದಿಯ ತಿರುವು ದಾಟಿದ್ದ.

ಬಾಣ ಹಾರಿದ ಮೇಲೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಈಗ ಮಾತಾಡಬಹುದಾಗಿತ್ತು. ಅಷ್ಟು ಹೊತ್ತು ಪರದೆಯ ಹಿಂದೆ ನಿಂತು ಕಾಯುತ್ತಿದ್ದವರೆಲ್ಲ ಬಂದರು. ಕೆಲವರು ಲೈಫ್‌ಬೋಟನ್ನು ನೀರಿಗೆ ತಳ್ಳಲು ಕೆಳಗೆ ಓಡಿದರು, ಕೆಲವರು ಈಡಿತ್‌ಳ ಅಡುಗೆಮನೆಗೆ ಬಂದು ಕೆಟಲ್ ಇಟ್ಟರು. ಲೆನ್‌ನ ತಾಯಿಯನ್ನು ಯಾರೋ ಕೈಹಿಡಿದು ಕರೆತಂದು ಒಲೆಯ ಹತ್ತಿರ ಕೂರಿಸಿದರು. ಮುದುಕಿ ಈಡಿತ್‌ಳ ಏಪ್ರನ್ ತುದಿ ಹಿಡಿದುಕೊಂಡಳು, ಬಿಡಲೇ ಇಲ್ಲ.

ರೇಡಿಯೋದಲ್ಲಿ ರೆಗ್‌ನ ದನಿ ಬರುತ್ತ, ಮುಳುಗುತ್ತ ಇತ್ತು. ಕೊಲ್ಲಿಯ ಬಾಯಿ ದಾಟಿದೆವು. ಏನೂ ಕಾಣುವುದಿಲ್ಲ. ದಿಬ್ಬದ ಹತ್ತಿರ ಯಾರೂ ಇಲ್ಲ. ಆಮೇಲೆ ಬಹಳ ಹೊತ್ತು ಬರೀ ಗೊರಗೊರ. ಯಾರೋ ಮುಂದಿನ ಮಾತನ್ನು ಮನಸ್ಸಿನಲ್ಲಿ ಅಂದುಕೊಂಡಿರಬೇಕು, ಅಡುಗೆಮನೆಯಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಈಡಿತ್ ಕಾಲಿನ್ ಬಿಟ್ಟ ಮೀನನ್ನು ಮುಚ್ಚಿಟ್ಟಳು. ಮತ್ತೆ ತೆರೆದಳು. ಮತ್ತೆ ಮುಚ್ಚಿದಳು.

"ಬೆಳಕು," ಎಂದಿತು ರೇಡಿಯೋ. ದನಿ ರೆಗ್‌ನದಲ್ಲ, ಕಾಲಿನ್‌ನದು. "ಬಂಡೆಸಾಲಿನ ಒಳಗಡೆ, ಸಣ್ಣ ಬೆಳಕು." ಗೊರಗೊರ. ಆಮೇಲೆ ರೆಗ್: "ಇಬ್ಬರೂ ಇದಾರೆ. ಇಬ್ಬರೂ. ಒಬ್ಬನಿಗೆ ಪೆಟ್ಟಾಗಿದೆ."

"ಯಾರಿಗೆ?" ಎಂದಳು ಲೆನ್‌ನ ತಾಯಿ, ರೇಡಿಯೋವನ್ನೇ ಕೇಳುವಂತೆ.

ಪೆಟ್ಟಾದದ್ದು ಲೆನ್‌ಗೆ. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ನಡೆದದ್ದು ಆಮೇಲೆ ತಿಳಿಯಿತು. ಯಾರದೋ ಏಡಿಬುಟ್ಟಿಯ ಕಿತ್ತುಹೋದ ಹಗ್ಗ ದೋಣಿಯ ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ನಿಂತಿತ್ತು. ಹಗ್ಗ ಕತ್ತರಿಸಲು ಬಗ್ಗಿದ್ದ ಲೆನ್ ಅಲೆ ಹೊಡೆತಕ್ಕೆ ಒಳಗೆ ಬಿದ್ದ. ಅದೇ ಅಲೆ ದೋಣಿಯ ರೇಡಿಯೋವನ್ನು ತೋಯಿಸಿ ಕೆಡಿಸಿತು. ಬಂಡೆಗಳ ಹತ್ತಿರಕ್ಕೆ ತೇಲಿದ ಮೇಲೆ ವಿಲ್ಫ್ ಲಂಗರು ಬಿಟ್ಟ, ಅದು ಕಚ್ಚಿಕೊಂಡಿತು. ಬೆಳಗಿನವರೆಗೂ ಹಿಡಿದಿರುತ್ತಿತ್ತು ಎಂದು ವಿಲ್ಫ್ ಹೇಳುತ್ತಾನೆ. ಹಗ್ಗದ ಮೂರು ಎಳೆಯಲ್ಲಿ ಒಂದೇ ಉಳಿದಿತ್ತು ಎಂದು ರೆಗ್ ಹೇಳುತ್ತಾನೆ. ಇಬ್ಬರೂ ಪಬ್ಬಿನಲ್ಲಿ ಈ ವಿಷಯಕ್ಕೆ ಇನ್ನೂ ಜಗಳವಾಡುತ್ತಾರೆ.

ಆ ಅಲೆಯಲ್ಲಿ ನಮ್ಮ ಕೊಲ್ಲಿಗೆ ಬರಲಾಗದೆ ಲೈಫ್‌ಬೋಟ್ ದೋಣಿಯನ್ನು ಉತ್ತರದ ಬಂದರಿಗೆ ಎಳೆದುಕೊಂಡು ಹೋಯಿತು. ವಿಲ್ಫ್ ಅಲ್ಲಿಂದ ಫೋನ್ ಮಾಡಿದ. ಅಡುಗೆಮನೆಯ ಹೆಂಗಸರು ಸದ್ದು ನಿಲ್ಲಿಸಿದರು.

"ನೀನಾ ಹೇಳಿದ್ದು?"

"ನಾನೇ."

"ಎಷ್ಟೊತ್ತಿಗೆ?"

"ಆರಾಗ್ತಾ ಬಂದಿತ್ತು."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ನಾಲ್ಕಕ್ಕೇ ಹೇಳ್ತೀಯ ಅಂದ್ಕೊಂಡಿದ್ದೆ," ಎಂದ ವಿಲ್ಫ್. "ಲೆನ್‌ಗೂ ಹಾಗೇ ಹೇಳ್ತಾ ಇದ್ದೆ. ನಮ್ಮ ಈಡಿ ತಡ್ಕೊಳ್ಳಲ್ಲ, ಈಗ ಬರ್ತಾರೆ ನೋಡು, ಈಗ ಬರ್ತಾರೆ ನೋಡು ಅಂತ."

"ನೀನೇ ಅಲ್ವಾ ಅವಸರ ಮಾಡ್ಬೇಡ ಅಂದಿದ್ದು?"

"ಅಂದಿದ್ದೆ," ಎಂದ. ಹಿಂದಿನಿಂದ ಯಾರೋ ಚಹಾ ಬೇಕಾ ಎಂದು ಕೇಳುತ್ತಿದ್ದರು. "ಕಾಲಿನ್ ಚೆನ್ನಾಗಿದಾನೆ. ವಾಂತಿ ಮಾಡ್ಕೊಂಡ, ಅಷ್ಟೆ. ಯಾರಿಗೂ ಹೇಳ್ಬೇಡ ಅಂತ ರೆಗ್‌ನ ಕೇಳ್ಕೊಂಡಿದಾನೆ. ರೆಗ್ ಎಲ್ಲರಿಗೂ ಹೇಳ್ತಿದಾನೆ."

ಫೋನ್ ಇಟ್ಟ ಮೇಲೆ ಈಡಿತ್ ಕೂತುಕೊಂಡಳು. ಮೇಬಲ್ ಅವಳ ಮುಂದೆ ಚಹಾ ಇಟ್ಟಳು. ಅದರಲ್ಲಿ ಎರಡು ಚಮಚ ಹೆಚ್ಚೇ ಸಕ್ಕರೆ ಇತ್ತು. ಮರುದಿನ ಬೆಳಗಿನ ಹಲಗೆಯನ್ನು ಅವಳೇ ಬರೆದಳು. ಅಕ್ಷರ ಎಂದಿನಂತೆ ದುಂಡಗಿರಲಿಲ್ಲ, ಆದರೆ ಓದಲು ಬರುತ್ತಿತ್ತು.

ಲೆನ್ ಈಸ್ಟರಿನವರೆಗೆ ದೋಣಿಯ ಹಗ್ಗ ಮುಟ್ಟಬಾರದೆಂದು ಡಾಕ್ಟರು ಹೇಳಿದರು. ವಿಲ್ಫ್ ಬದಲಿ ಆಳಿಗಾಗಿ ನಾಲ್ಕಾರು ಮನೆ ಕೇಳಿದ, ಚಳಿಗಾಲದ ನಡುವೆ ಯಾರೂ ಸಿಗಲಿಲ್ಲ. ದೋಣಿ ರಿಪೇರಿಯಾಗಿ ಬಂದ ಮರುವಾರ, ಸೋಮವಾರ ಬೆಳಗ್ಗೆ, ಕಾಲಿನ್ ಅಪ್ಪನ ಜೊತೆ ದೋಣಿ ಹತ್ತಿದ. ಇನ್ನು ಮೇಲೆ ಈಡಿತ್ ಆ ಮಾತು ಹೇಳಬೇಕಾದರೆ ಇಬ್ಬರಿಗೂ ಸೇರಿಸಿ ಹೇಳಬೇಕಿತ್ತು.